ಸೆನ್ಸರ್ ಕೊಳ್ಳುವ ಮೊದಲು ಕಪ್ಲರ್ ಬಿಚ್ಚಿ ನೋಡಿ: ಕರಾವಳಿಯ ಜೀಪುಗಳಿಗೆ ವೈರಿಂಗ್ ತಪಾಸಣೆ

ಮಳೆ ಹಿಡಿದು ಎರಡು ವಾರ ಆಗುವಷ್ಟರಲ್ಲಿ ನನಗೆ ಬರುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಚೆಕ್ ಎಂಜಿನ್ ಲೈಟ್ ಬಂತು. ಸ್ಕ್ಯಾನರ್ ಹಾಕಿ ನೋಡಿ ಸೆನ್ಸರ್ ಹೋಗಿದೆ ಅಂದರು. ಹೊಸತು ಹಾಕಿಸಿದೆ. ನಾಲ್ಕು ದಿನಕ್ಕೆ ಲೈಟ್ ಮತ್ತೆ ಬಂತು. ಈಗ ಏನು ಮಾಡೋದು ಮಾರಾಯ್ರೆ?" ಥಾರ್ ಇದ್ದವರು ಕೇಳುತ್ತಾರೆ, ಜಿಪ್ಸಿ ಇದ್ದವರು ಕೇಳುತ್ತಾರೆ, ಈಗ ಜಿಮ್ನಿಯವರೂ ಸೇರಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲ ಒಂದೇ ಕಡೆ ಬರೆದುಬಿಡೋಣ ಅಂತ ಕೂತೆ.

ನನ್ನ ಅನುಭವದಲ್ಲಿ ನಮ್ಮ ಕಡೆ "ಸೆನ್ಸರ್ ಹೋಗಿದೆ" ಅನ್ನುವ ಗಾಡಿಗಳಲ್ಲಿ ಜಾಸ್ತಿಯವು ಸೆನ್ಸರ್ ಹೋದವಲ್ಲ. ಸೆನ್ಸರ್ ಅಂದರೆ ಬಿಸಿ, ಒತ್ತಡ, ವೇಗ ಇಂಥದ್ದನ್ನು ಅಳೆದು ಎಂಜಿನ್ ನಡೆಸುವ ಕಂಪ್ಯೂಟರಿಗೆ ಹೇಳುವ ಸಣ್ಣ ಭಾಗ. ಅದಕ್ಕೆ ಹೋಗುವ ವೈರ್, ಅದರ ಕಪ್ಲರ್ ಇಲ್ಲವೇ ಅರ್ತಿಂಗ್ (ಕರೆಂಟ್ ಬ್ಯಾಟರಿಯ ಮೈನಸ್ಸಿಗೆ ವಾಪಸ್ ಹೋಗುವ ದಾರಿ) ಕೈಕೊಟ್ಟಿರುತ್ತದೆ. ಕಪ್ಲರ್ ಅಂದರೆ ವೈರುಗಳ ತುದಿಯಲ್ಲಿ ಟಕ್ ಅಂತ ಕೂರುವ ಪ್ಲಾಸ್ಟಿಕ್ ಜೋಡಣೆ. ಮಂಗಳೂರು, ಉಡುಪಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ. ಮಳೆ ಇಲ್ಲದಾಗ ಉಪ್ಪು ಗಾಳಿ. ತಾಮ್ರಕ್ಕೆ ತೇವವೂ ಉಪ್ಪೂ ಒಟ್ಟಿಗೆ ಸಿಕ್ಕರೆ ಕಿಲುಬು ಹಿಡಿಯದೆ ಇರುತ್ತದಾ? ಅದರ ಮೇಲೆ ನಾವು ಹೊಳೆ ದಾಟಿಸುತ್ತೇವೆ, ಮಲ್ಪೆ ಕಡೆ ಮರಳಿಗೆ ಇಳಿಸುತ್ತೇವೆ, ತೋಟದ ಕೆಸರಲ್ಲಿ ಹೂತು ಎಳೆಸುತ್ತೇವೆ. ಸೆನ್ಸರ್ ಪಾಪ ಸುಮ್ನೆ ಬೈಸಿಕೊಳ್ಳುತ್ತದೆ.

ಒಂದು ವಿಷಯ ಮೊದಲೇ ಹೇಳುತ್ತೇನೆ. ಹಳೇ ಎಂಎಂ540, ಮೇಜರ್, ಥಾರ್ ಡಿಐ ತರಹದ ಸಾದಾ ಡೀಸೆಲ್ ಗಾಡಿಗಳಿಗೆ ಈ ಲೇಖನ ಬೇಡ. ಅವುಗಳಲ್ಲಿ ಎಂಜಿನ್ ನಡೆಸುವ ಕಂಪ್ಯೂಟರೇ ಇಲ್ಲ. ಎಂಪಿಎಫ್‌ಐ (ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲ್ ಚಿಮ್ಮಿಸುವ) ಪೆಟ್ರೋಲ್ ಗಾಡಿ, ಸಿಆರ್‌ಡಿಇ (ಕಂಪ್ಯೂಟರ್ ನಡೆಸುವ ಕಾಮನ್ ರೈಲ್ ಡೀಸೆಲ್) ಮತ್ತು ಅದರ ನಂತರದ ಡೀಸೆಲ್ ಗಾಡಿ ಇದ್ದವರು ಮುಂದೆ ಓದಿ.

ಏನೇನು ಬೇಕು

ಒಂದು ಡಿಜಿಟಲ್ ಮಲ್ಟಿಮೀಟರ್. ಸಾವಿರ ರೂಪಾಯಿಯೊಳಗಿನದ್ದು ಸಾಕು, ಆದರೆ ವಯರಿನ ತುದಿ ಸಡಿಲ ಇರಬಾರದು. ಫೋನಿಗೆ ಜೋಡಿಸುವ ಬ್ಲೂಟೂತ್ ಒಬಿಡಿ ಸ್ಕ್ಯಾನರ್. ಒಬಿಡಿ ಅಂದರೆ ಗಾಡಿ ತನ್ನ ತೊಂದರೆಯನ್ನು ತಾನೇ ಬರೆದಿಟ್ಟುಕೊಳ್ಳುವ ವ್ಯವಸ್ಥೆ, ಅದರ 16 ಪಿನ್ನಿನ ಸಾಕೆಟ್ ಸ್ಟೇರಿಂಗಿನ ಕೆಳಗೆ ಎಲ್ಲೋ ಇರುತ್ತದೆ. 2020ರ ಏಪ್ರಿಲಿನ ಬಿಎಸ್6 ನಿಯಮದ ನಂತರದ ಗಾಡಿಗಳಲ್ಲಿ ಇದು ಇದ್ದೇ ಇದೆ. ಹಳೇ ಎಂಪಿಎಫ್‌ಐ ಗಾಡಿಗಳು ಕೆಲವು ಸಾದಾ ಬ್ಲೂಟೂತ್ ಸ್ಕ್ಯಾನರಿಗೆ ಮಾತಾಡುವುದಿಲ್ಲ. ಅದಕ್ಕೆ ಆ ಕಂಪನಿಯ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಹೋಗಿ ಕೋಡ್ ಮಾತ್ರ ತೆಗೆಸಿಕೊಂಡು ಬನ್ನಿ.

ಮತ್ತೆ, ಹೊಲಿಗೆಯ ಗುಂಡುಸೂಜಿ ನಾಲ್ಕು. ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಕಟ್ಟಿದ ಟೆಸ್ಟ್ ಲ್ಯಾಂಪ್. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್, ಅಂದರೆ ಬಿಸಿ ಮಾಡಿದರೆ ಕುಗ್ಗಿ ವೈರನ್ನು ಬಿಗಿಯಾಗಿ ಹಿಡಿಯುವ ಕೊಳವೆ. ಬಟ್ಟೆಯ ಟೇಪ್. ಟಾರ್ಚ್. ಗಿಡಕ್ಕೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ. ಒಂದು ನೋಟ್‌ಬುಕ್, ಪೆನ್ನು. ಕೊನೆಯದ್ದು ತಮಾಷೆಗೆ ಹೇಳಿದ್ದಲ್ಲ.

ಹಂತ 1: ಬಾನೆಟ್ ಎತ್ತುವ ಮೊದಲು ಬರೆಯಿರಿ

ತೊಂದರೆ ಯಾವಾಗ ಬರುತ್ತದೆ? ಬೆಳಿಗ್ಗೆ ತೇವ ಇದ್ದಾಗ ಮಾತ್ರವಾ, ಎಂಜಿನ್ ಬಿಸಿಯಾದ ಮೇಲಾ, ಹೊಂಡಕ್ಕೆ ಬಿದ್ದಾಗಲಾ? ಬಿಸಿಲು ಬಂದರೆ ಸರಿ ಹೋಗುತ್ತದೆ ಅಂದರೆ ನೀರಿನ ಕೆಲಸ. ಹೊಂಡದಲ್ಲಿ ಮಾತ್ರ ಮಿಸ್ಸಿಂಗ್ ಹೊಡೆದರೆ ಸಡಿಲ ಪಿನ್ನು ಅಥವಾ ಎಲ್ಲೋ ಉಜ್ಜುತ್ತಿರುವ ವೈರ್. ಬಿಸಿಯಾದ ಮೇಲೆ ನಿಂತು, ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ ಅಂದರೆ ಆಗ ಸೆನ್ಸರ್ ಮೇಲೇ ಅನುಮಾನ ಪಡಬಹುದು, ಅದರಲ್ಲೂ ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ಹೇಳುವ ಕ್ರ್ಯಾಂಕ್ ಸೆನ್ಸರ್ ಮೇಲೆ.

ಇನ್ನೊಂದು ಪ್ರಶ್ನೆ. ಇತ್ತೀಚೆಗೆ ಗಾಡಿಗೆ ಏನು ಹಾಕಿಸಿದಿರಿ? ಎಲ್‌ಇಡಿ ಬಾರ್, ವಿಂಚ್, ಹಾರ್ನ್, ಸ್ಟೀರಿಯೋ? ಕಂಪನಿ ವೈರಿಂಗ್ ಕಿಟ್ಟಿನ ಯಾವುದೋ ವೈರ್ ಸುಲಿದು ಅದಕ್ಕೇ ಸುತ್ತಿ ಲೈಟಿಗೆ ಕರೆಂಟ್ ಎಳೆದಿರುತ್ತಾರೆ. ಆ ಜಾಗ ನಿಮ್ಮ ಪಟ್ಟಿಯಲ್ಲಿ ಮೊದಲನೆಯದ್ದಾಗಿರಲಿ.

ಹಂತ 2: ಬ್ಯಾಟರಿ ಮತ್ತು ಅರ್ತಿಂಗ್

ಇದನ್ನು ಎಲ್ಲರೂ ಹಾರಿಸುತ್ತಾರೆ. "ಸೆಲ್ಫ್ ಹೊಡೆಯುತ್ತದಲ್ಲ, ಬ್ಯಾಟರಿ ಸರಿ ಉಂಟು" ಅನ್ನುತ್ತಾರೆ. ಸೆಲ್ಫ್ ಹೊಡೆಯುವುದಕ್ಕೂ ಕಂಪ್ಯೂಟರ್ ನೆಟ್ಟಗೆ ಕೆಲಸ ಮಾಡುವುದಕ್ಕೂ ವ್ಯತ್ಯಾಸ ಇದೆ.

ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಯಲ್ಲಿ 12.6 ವೋಲ್ಟಿನ ಹತ್ತಿರ ಇರಬೇಕು. 12.2 ಅಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಸ್ಟಾರ್ಟ್ ಆದ ಮೇಲೆ ಸಾಮಾನ್ಯವಾಗಿ 13.5ರಿಂದ 14.7ರ ನಡುವೆ. ಹೊಸ ಗಾಡಿಗಳಲ್ಲಿ ಆಲ್ಟರ್ನೇಟರನ್ನೂ ಕಂಪ್ಯೂಟರೇ ನಡೆಸುವುದರಿಂದ ಇದು ಆಗಾಗ ಮೇಲೆ ಕೆಳಗೆ ಆಗುತ್ತದೆ, ಅದಕ್ಕೆ ಗಾಬರಿ ಬೇಡ.

ಈಗ ಅರ್ತಿಂಗ್. ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಒಂದು ತುದಿ ಬ್ಯಾಟರಿಯ ಮೈನಸ್ ಕಂಬಕ್ಕೆ. ಕ್ಲ್ಯಾಂಪಿಗೆ ಅಲ್ಲ, ಕಂಬಕ್ಕೇ. ಇನ್ನೊಂದು ತುದಿ ಎಂಜಿನ್ನಿನ ಬರೀ ಲೋಹಕ್ಕೆ, ಪೇಂಟ್ ಇಲ್ಲದ ಜಾಗ ನೋಡಿ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಎಳೆದಿರಲಿ. ಇನ್ನೊಬ್ಬರಿಗೆ ಎರಡು ಮೂರು ಸೆಕೆಂಡ್ ಸೆಲ್ಫ್ ಹೊಡೆಯಲು ಹೇಳಿ. ಮೀಟರ್ 0.2, 0.3ರ ಒಳಗೆ ತೋರಿಸಿದರೆ ಒಳ್ಳೆಯದು. ಅರ್ಧ ವೋಲ್ಟ್ ದಾಟಿತಾ? ಎಂಜಿನ್ನಿನಿಂದ ಬಾಡಿಗೆ, ಬಾಡಿಯಿಂದ ಬ್ಯಾಟರಿಗೆ ಹೋಗುವ ಹೆಣೆದ ಪಟ್ಟಿ ಅಥವಾ ದಪ್ಪ ವೈರ್ ಬಿಚ್ಚಿ. ಬೋಲ್ಟಿನ ಕೆಳಗೆ ತುಕ್ಕೂ ಕೆಂಪು ಮಣ್ಣೂ ಸೇರಿ ಗಟ್ಟಿ ಪದರ ಕಟ್ಟಿರುತ್ತದೆ. ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕಟ್ಟಿ, ಮೇಲಿಂದ ಗ್ರೀಸ್ ಬಳಿಯಿರಿ.

ಅರ್ತಿಂಗ್ ಕೆಟ್ಟದ್ದಕ್ಕೆ ಒಂದು ಗುರುತು ಉಂಟು. ಹೆಡ್‌ಲೈಟ್ ಹಾಕಿದಾಗ ಟೆಂಪರೇಚರ್ ಮುಳ್ಳು ಅಲುಗುತ್ತದೆ, ಇಲ್ಲವೇ ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕೈದು ಕೋಡುಗಳು ಒಟ್ಟಿಗೆ ಬರುತ್ತವೆ. ನಾಲ್ಕು ಸೆನ್ಸರ್ ಒಂದೇ ದಿನ ಹೋಗುವುದಿಲ್ಲ.

ಹಂತ 3: ಕೋಡ್ ಓದಿ, ಆದರೆ ಅಳಿಸಬೇಡಿ

ಸ್ಕ್ಯಾನರ್ ಚುಚ್ಚಿ, ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಕೋಡ್ ತೆಗೆಯಿರಿ. ಕೋಡಿನ ಜೊತೆ ಫ್ರೀಜ್ ಫ್ರೇಮ್ ಅನ್ನುವ ಪುಟವೂ ಇರುತ್ತದೆ. ತೊಂದರೆ ಆದ ಕ್ಷಣಕ್ಕೆ ಎಂಜಿನ್ ಎಷ್ಟು ಬಿಸಿ ಇತ್ತು, ಗಾಡಿ ಎಷ್ಟು ವೇಗದಲ್ಲಿತ್ತು ಅಂತ ಅದರಲ್ಲಿ ಬರೆದಿರುತ್ತದೆ. ಎರಡರ ಫೋಟೋವನ್ನೂ ತೆಗೆದಿಡಿ. ಬ್ಯಾಟರಿ ಕಳಚಿ ಲೈಟ್ ಆರಿಸುವ ಉಪಾಯ ಬೇಡ. ಲೈಟ್ ಆರುತ್ತದೆ, ಜೊತೆಗೆ ಸಾಕ್ಷಿಯೂ ಅಳಿಸಿ ಹೋಗುತ್ತದೆ.

ಕೋಡ್ ಹೇಳುವುದು ಯಾವ ಮನೆಯಲ್ಲಿ ಗಲಾಟೆ ಅಂತ ಮಾತ್ರ, ಗಲಾಟೆ ಮಾಡಿದ್ದು ಯಾರು ಅಂತ ಅಲ್ಲ. ಪಿ0335 ಬಂದರೆ "ಕ್ರ್ಯಾಂಕ್ ಸೆನ್ಸರ್ ಸರ್ಕಿಟ್" ಅಂತ ಇರುತ್ತದೆ. ಆ "ಸರ್ಕಿಟ್" ಅನ್ನುವ ಮಾತನ್ನು ಯಾರೂ ಓದುವುದಿಲ್ಲ. ಸೆನ್ಸರ್, ಅದರ ಕಪ್ಲರ್, ಕಂಪ್ಯೂಟರಿನವರೆಗಿನ ವೈರ್, ಎಲ್ಲ ಸೇರಿದ್ದು ಸರ್ಕಿಟ್. ನಮ್ಮಲ್ಲಿ ಹೆಚ್ಚು ಕಾಣುವ ಕೆಲವು: ಪಿ0340 ಕ್ಯಾಮ್ ಸೆನ್ಸರಿನ (ವಾಲ್ವ್ ತೆರೆಯುವ ಶಾಫ್ಟ್ ತಿರುಗುವುದನ್ನು ನೋಡುವುದು) ಸರ್ಕಿಟ್, ಪಿ0117 ಮತ್ತು ಪಿ0118 ಕೂಲೆಂಟ್ ಬಿಸಿ ಅಳೆಯುವ ಸೆನ್ಸರಿನದ್ದು, ಪಿ0113 ಒಳಗೆ ಹೋಗುವ ಗಾಳಿಯ ಬಿಸಿ ಅಳೆಯುವುದರದ್ದು, ಪಿ0562 ಅಂದರೆ ವೋಲ್ಟೇಜ್ ಕಡಿಮೆ, ಹಂತ 2ಕ್ಕೆ ವಾಪಸ್ ಹೋಗಿ. ಪಿ0641 ಬಂದರೆ ಖುಷಿಪಡಿ, ಯಾಕೆ ಅಂತ ಹಂತ 6ರಲ್ಲಿ ಹೇಳುತ್ತೇನೆ. ಯು ಅಕ್ಷರದಿಂದ ಶುರುವಾಗುವ ಕೋಡ್ ಅಂದರೆ ಗಾಡಿಯ ಕಂಪ್ಯೂಟರುಗಳು ತಮ್ಮೊಳಗೆ ಮಾತಾಡುವುದು ನಿಂತಿದೆ ಅಂತ.

ಪಿ ನಂತರ 0 ಇದ್ದರೆ ಎಲ್ಲ ಕಂಪನಿಗೂ ಒಂದೇ ಅರ್ಥ. 1 ಇದ್ದರೆ ಆ ಕಂಪನಿಯದ್ದೇ ಕೋಡ್. ಅದನ್ನು ಇಂಟರ್ನೆಟ್ಟಿನಲ್ಲಿ ಹುಡುಕುವಾಗ ಬೇರೆ ಕಂಪನಿಯ ಅರ್ಥ ಹಿಡಿದುಕೊಂಡು ಹೊರಡಬೇಡಿ.

ಹಂತ 4: ತಣ್ಣಗಿನ ಎಂಜಿನ್ನಿನಲ್ಲಿ ಲೈವ್ ಡೇಟಾ

ಸೆನ್ಸರುಗಳು ಈ ಗಳಿಗೆಯಲ್ಲಿ ಕಂಪ್ಯೂಟರಿಗೆ ಏನು ಹೇಳುತ್ತಿವೆ ಅಂತ ಫೋನಿನಲ್ಲಿ ನೋಡುವುದೇ ಲೈವ್ ಡೇಟಾ. ಬೆಳಿಗ್ಗೆ, ಗಾಡಿ ಮುಟ್ಟುವ ಮೊದಲು ಮಾಡಿ.

ಕೂಲೆಂಟಿನ ಬಿಸಿ ಮತ್ತು ಒಳಗಾಳಿಯ ಬಿಸಿ ಎರಡೂ ಹತ್ತಿರ ಹತ್ತಿರ ಇರಬೇಕು. ನಮ್ಮಲ್ಲಿ ಬೆಳಿಗ್ಗೆ 25ರಿಂದ 30 ಡಿಗ್ರಿ. ಒಂದು 28 ಅಂದು ಇನ್ನೊಂದು ಮೈನಸ್ 40 ಅಂದರೆ ಮಂಗಳೂರಿಗೆ ಹಿಮ ಬಿದ್ದಿಲ್ಲ, ವೈರ್ ಎಲ್ಲೋ ಬಿಟ್ಟಿದೆ. ತಣ್ಣಗಿನ ಎಂಜಿನ್ನಿಗೆ 130 ಡಿಗ್ರಿ ತೋರಿಸಿದರೆ ಎರಡು ವೈರ್ ಒಂದಕ್ಕೊಂದು ತಗುಲಿವೆ, ಇಲ್ಲವೇ ಬಾಡಿಗೆ ತಗುಲಿವೆ.

ಮ್ಯಾಪ್ ಸೆನ್ಸರ್ ಗಾಳಿಯ ಒತ್ತಡ ಅಳೆಯುವುದು. ಎಂಜಿನ್ ಬಂದ್ ಇದ್ದಾಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ನಾವು ಸಮುದ್ರದ ಮಟ್ಟದಲ್ಲಿ ಇರುವುದರಿಂದ 100, 101 ಕಿಲೋಪಾಸ್ಕಲ್ ಬರಬೇಕು. ಆಗುಂಬೆ ಹತ್ತಿ ನಿಲ್ಲಿಸಿ ನೋಡಿದರೆ ಅದೇ ಸೆನ್ಸರ್ 94ರ ಆಸುಪಾಸು ತೋರಿಸುತ್ತದೆ, ಅದು ತಪ್ಪಲ್ಲ. ಮನೆ ಅಂಗಳದಲ್ಲೇ 80 ಅಂದರೆ ತಪ್ಪು.

ಆಕ್ಸಿಲರೇಟರ್ ನಿಧಾನ ಒತ್ತುತ್ತಾ ಹೋಗಿ. ಅಂಕಿ ಮೆಟ್ಟಿಲಿಲ್ಲದೆ ಏರಬೇಕು. ಮಧ್ಯೆ ಒಮ್ಮೆ ಸೊನ್ನೆಗೆ ಬಿದ್ದು ಎದ್ದರೆ ಆ ಜಾಗ ಗುರುತು ಮಾಡಿ.

ಗಾಡಿ ಸ್ಟಾರ್ಟೇ ಆಗದಿದ್ದರೆ ಸೆಲ್ಫ್ ಹೊಡೆಯುತ್ತಾ ಆರ್‌ಪಿಎಂ ನೋಡಿ. 150ರಿಂದ 300 ತೋರಿಸಿದರೆ ಕ್ರ್ಯಾಂಕ್ ಸೆನ್ಸರ್ ಬದುಕಿದೆ. ಸೆಲ್ಫ್ ತಿರುಗುತ್ತಾ ಇದ್ದರೂ ಸೊನ್ನೆಯೇ ಇದ್ದರೆ ಮುಂದಿನ ಎರಡು ಹಂತ ಅದಕ್ಕಾಗಿಯೇ.

ಹಂತ 5: ಕಣ್ಣು, ಕೈ, ನೀರು

ಅರ್ಧಕ್ಕರ್ಧ ತೊಂದರೆ ಮೀಟರ್ ಇಲ್ಲದೆ ಇಲ್ಲೇ ಸಿಗುತ್ತದೆ. ಆದರೆ ತಾಳ್ಮೆ ಬೇಕು, ಒಂದು ಗಂಟೆಯಾದರೂ ಕೊಡಿ.

ಎಂಜಿನ್ ತಣ್ಣಗಿರಲಿ, ಕೀ ತೆಗೆದಿರಲಿ. ಕೋಡ್ ಹೇಳಿದ ಸೆನ್ಸರಿನಿಂದ ಶುರು ಮಾಡಿ ವೈರನ್ನು ಕೈಯಲ್ಲಿ ಹಿಡಿದು ಹಿಂದಕ್ಕೆ ಹೋಗಿ. ನೋಡಬೇಕಾದ ಜಾಗಗಳು: ಬ್ಯಾಟರಿ ಟ್ರೇಯ ಕೆಳಗೆ, ಫ್ಯೂಸ್ ಬಾಕ್ಸಿನ ಅಡಿ, ಸೈಲೆನ್ಸರ್ ಪೈಪಿನ ಹತ್ತಿರ, ಚಾಸಿಸ್ಸಿಗೆ ಕ್ಲ್ಯಾಂಪ್ ಹಾಕಿದಲ್ಲಿ. ಕ್ರ್ಯಾಂಕ್ ಸೆನ್ಸರ್ ಮತ್ತು ಆಕ್ಸಿಜನ್ ಸೆನ್ಸರಿನ ವೈರುಗಳು ಕೆಳಗೆ ಗೇರ್‌ಬಾಕ್ಸಿನ ಕಡೆ ಇಳಿಯುತ್ತವೆ. ಹೊಳೆ ದಾಟುವಾಗ ಮೊದಲು ನೀರು ಕುಡಿಯುವುದು ಇವೇ. ಕಲ್ಲು ಹೊಡೆಯುವುದೂ ಇವಕ್ಕೇ.

ಇಲಿ. ಜೂನಿನಲ್ಲಿ ಗದ್ದೆಗೆ ನೀರು ತುಂಬಿದರೆ ಅವು ಒಣ ಜಾಗ ಹುಡುಕಿ ಬರುತ್ತವೆ, ಎಂಜಿನ್ನಿನ ಮೇಲ್ಭಾಗ ಬೆಚ್ಚಗೆ ಇರುತ್ತದಲ್ಲ. ವೈರಿನ ಮೇಲೆ ಹಲ್ಲಿನ ಗುರುತು, ಏರ್ ಫಿಲ್ಟರ್ ಬಾಕ್ಸಿನ ಹಿಂದೆ ಅಡಿಕೆ ಸಿಪ್ಪೆ, ಹಿಕ್ಕೆ ಕಂಡರೆ ಹುಡುಕಾಟ ಅಲ್ಲಿಗೇ ಮುಗಿಯಿತು. ಇಲಿ ಒಂದೇ ವೈರ್ ಕಡಿದು ಸುಮ್ಮನಾಗುವುದಿಲ್ಲ, ಅಕ್ಕಪಕ್ಕವೂ ನೋಡಿ.

ಈಗ ಕಪ್ಲರ್ ಬಿಚ್ಚುವುದು. ಲಾಕ್ ಒತ್ತಿ, ಪ್ಲಾಸ್ಟಿಕ್ ಹಿಡಿದು ಎಳೆಯಿರಿ, ವೈರ್ ಹಿಡಿದು ಯಾವತ್ತೂ ಎಳೆಯಬೇಡಿ. ಹಳೇ ಲಾಕುಗಳು ಬಿಸಿಲು, ಬಿಸಿಗೆ ಬಿರುಸಾಗಿ ಚಟ್ ಅಂತ ಮುರಿಯುತ್ತವೆ. ಬಿಚ್ಚಿದ ಮೇಲೆ ಟಾರ್ಚ್ ಬಿಟ್ಟು ಒಳಗೆ ನೋಡಿ. ಒಳ್ಳೆಯ ಕಪ್ಲರಿನಲ್ಲಿ ಪಿನ್ನುಗಳು ಒಂದೇ ಮಟ್ಟದಲ್ಲಿ ಸಾಲಾಗಿ ನಿಂತಿರುತ್ತವೆ, ಸುತ್ತ ಒಂದು ರಬ್ಬರ್ ಉಂಗುರ ಇರುತ್ತದೆ. ಕೆಟ್ಟದ್ದರಲ್ಲಿ ಒಂದು ಪಿನ್ನಿನ ಬುಡದಲ್ಲಿ ಹಸಿರು ಹುಡಿ ಕಾಣುತ್ತದೆ, ದೇವರ ಮನೆಯ ಹಳೇ ತಾಮ್ರದ ಚೊಂಬಿನ ಅಡಿಯಲ್ಲಿ ಇರುತ್ತದಲ್ಲ, ಅದೇ ಬಣ್ಣ. ಅಥವಾ ಒಂದು ಪಿನ್ನು ಉಳಿದವುಗಳಿಗಿಂತ ಎರಡು ಮಿಲಿಮೀಟರ್ ಹಿಂದೆ ಸರಿದಿರುತ್ತದೆ. ಹೊರಗಿನಿಂದ ಕಪ್ಲರ್ ಟಕ್ ಅಂತ ಕೂತಿದೆ, ಒಳಗೆ ಪಿನ್ನಿಗೆ ಪಿನ್ನು ಮುಟ್ಟಿಲ್ಲ. ನನ್ನದೇ ಜಿಪ್ಸಿಗೆ ಎರಡು ಕ್ರ್ಯಾಂಕ್ ಸೆನ್ಸರ್ ಹಾಕಿದ ಮೇಲೆ ನನಗೆ ಸಿಕ್ಕಿದ್ದು ಇದೇ. ಹಿಂದಿನಿಂದ ಬೆರಳಲ್ಲಿ ಒತ್ತಿದೆ, ಒಂದು ಸಣ್ಣ ಕಟಕ್ ಕೇಳಿತು, ಆಮೇಲೆ ಆ ಕೋಡ್ ಬರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ, ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ ಅಂದುಕೊಳ್ಳಿ: ಮಲ್ಟಿಮೀಟರಿನ ಚೂಪು ತುದಿಯನ್ನು ತೂತಿನ ಪಿನ್ನಿನೊಳಗೆ ಮುಂದಿನಿಂದ ತುರುಕಬೇಡಿ. ತೂತು ಅಗಲ ಆಗುತ್ತದೆ. ಆಮೇಲೆ ಅದು ಹಿಡಿದುಕೊಳ್ಳುವುದಿಲ್ಲ. ಇರುವ ತೊಂದರೆ ಹುಡುಕಲು ಹೋಗಿ ಹೊಸತೊಂದನ್ನು ಹುಟ್ಟಿಸಿದ ಹಾಗೆ. ಅಳೆಯುವುದಾದರೆ ಕಪ್ಲರ್ ಹಾಕಿದ್ದ ಹಾಗೇ, ವೈರಿನ ಪಕ್ಕದಲ್ಲಿ ಹಿಂದಿನಿಂದ ಗುಂಡುಸೂಜಿ ಜಾರಿಸಿ.

ಕಣ್ಣಿಗೆ ಏನೂ ಕಾಣದಿದ್ದರೆ ಎಂಜಿನ್ ಸ್ಟಾರ್ಟ್ ಮಾಡಿ, ಫೋನಿನಲ್ಲಿ ಲೈವ್ ಡೇಟಾ ಇಟ್ಟು, ಒಂದೊಂದೇ ಕಪ್ಲರನ್ನು ಮೆಲ್ಲಗೆ ಅಲುಗಾಡಿಸಿ. ಫ್ಯಾನ್, ಬೆಲ್ಟಿನಿಂದ ಕೈಯೂ ಅಂಗಿಯ ತೋಳೂ ದೂರ ಇರಲಿ. ಅಂಕಿ ಹಾರಿದ ಜಾಗವೇ ಕಳ್ಳ. ಮಳೆಯಲ್ಲಿ ಮಾತ್ರ ಬರುವ ತೊಂದರೆಗೆ ಸ್ಪ್ರೇ ಬಾಟಲಿ. ಒಂದು ಕಪ್ಲರಿಗೆ ನೀರು ಚಿಮುಕಿಸಿ, ಒಂದು ನಿಮಿಷ ಕಾಯಿರಿ, ಆಮೇಲೆ ಮುಂದಿನದ್ದು. ಪೈಪಿನಲ್ಲಿ ಎಲ್ಲದಕ್ಕೂ ಒಟ್ಟಿಗೆ ನೀರು ಬಿಟ್ಟರೆ ಗಾಡಿ ನಿಲ್ಲುತ್ತದೆ ನಿಜ, ಎಲ್ಲಿಂದ ಅಂತ ಗೊತ್ತಾಗುವುದಿಲ್ಲ.

ಹಂತ 6: ಮೀಟರ್ ಹಿಡಿಯುವುದು

ಸೆನ್ಸರುಗಳಲ್ಲಿ ಜಾಸ್ತಿಯವು ಎರಡು ವೈರಿನವು ಅಥವಾ ಮೂರು ವೈರಿನವು.

ಎರಡು ವೈರಿನ ಬಿಸಿ ಅಳೆಯುವ ಸೆನ್ಸರ್ ಸುಲಭ. ಅದು ಬಿಸಿಯಾದ ಹಾಗೆ ಓಮ್ ಕಡಿಮೆಯಾಗುವ ಒಂದು ಸಣ್ಣ ತುಂಡು, ಅಷ್ಟೆ. ಸಾಮಾನ್ಯವಾಗಿ 20 ಡಿಗ್ರಿಯಲ್ಲಿ 2,000ದಿಂದ 2,700 ಓಮ್, 80 ಡಿಗ್ರಿಯಲ್ಲಿ 300ರ ಹತ್ತಿರ. ಅದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದು. ಕಪ್ಲರ್ ಕಳಚಿ ಲೈವ್ ಡೇಟಾ ನೋಡಿ, ಮೈನಸ್ 40 ಬರಬೇಕು. ಈಗ ಕಪ್ಲರಿನ ಎರಡು ಪಿನ್ನುಗಳನ್ನು ಒಂದು ಸಣ್ಣ ವೈರಿನಿಂದ ಸೇರಿಸಿ, 120 ದಾಟಬೇಕು. ಎರಡೂ ಹಾಗೇ ಬಂದರೆ ವೈರ್ ಸರಿ, ಕಂಪ್ಯೂಟರ್ ಸರಿ, ಈಗ ಸಮಾಧಾನದಿಂದ ಸೆನ್ಸರ್ ಕೊಳ್ಳಿ. ಬರಲಿಲ್ಲವಾ? ಹೊಸ ಸೆನ್ಸರ್ ಹಾಕಿದರೂ ಪ್ರಯೋಜನ ಇಲ್ಲ. ಈ ಸೇರಿಸುವ ಆಟ ಬಿಸಿ ಅಳೆಯುವ ಎರಡು ವೈರಿನ ಸೆನ್ಸರಿಗೆ ಮಾತ್ರ, ಬೇರೆ ಯಾವುದಕ್ಕೂ ಮಾಡಬೇಡಿ.

ಮೂರು ವೈರಿನದ್ದರಲ್ಲಿ ಒಂದು 5 ವೋಲ್ಟ್ ತರುವ ವೈರ್, ಒಂದು ಅರ್ತಿಂಗ್, ಇನ್ನೊಂದು ಸಿಗ್ನಲ್, ಅಂದರೆ ಸೆನ್ಸರ್ ಕಂಪ್ಯೂಟರಿಗೆ ಹೇಳುವ ಮಾತು. ಕೆಲವು ಕ್ಯಾಮ್, ಕ್ರ್ಯಾಂಕ್ ಸೆನ್ಸರುಗಳಿಗೆ 5ರ ಬದಲು 12 ವೋಲ್ಟ್ ಬರುತ್ತದೆ. ಯಾವ ಬಣ್ಣದ ವೈರ್ ಯಾವುದು ಅಂತ ನಿಮ್ಮ ಮಾಡೆಲ್ಲಿನ ವೈರಿಂಗ್ ಚಿತ್ರದಲ್ಲಿ ನೋಡಿ, ಊಹೆ ಬೇಡ. ಕೀ ಆನ್ ಮಾಡಿ ಗುಂಡುಸೂಜಿಯಲ್ಲಿ ಹೀಗೆ ಅಳೆಯಿರಿ:

ಮೊದಲು 5 ವೋಲ್ಟಿನ ವೈರ್ ಮತ್ತು ಬ್ಯಾಟರಿ ಮೈನಸ್ ನಡುವೆ. 4.9ರಿಂದ 5.1 ಬಂದರೆ ಸರಿ.

ಆಮೇಲೆ ಸೆನ್ಸರಿನ ಅರ್ತಿಂಗ್ ವೈರ್ ಮತ್ತು ಬ್ಯಾಟರಿ ಮೈನಸ್ ನಡುವೆ. 0.1ಕ್ಕಿಂತ ಕಡಿಮೆ ಇರಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಆ ಸೆನ್ಸರ್ ಎಷ್ಟು ನಿಯತ್ತಿನಿಂದ ಅಳೆದರೂ ಕಂಪ್ಯೂಟರಿಗೆ ಮುಟ್ಟುವುದು ತಪ್ಪು ಲೆಕ್ಕವೇ.

ಇವೆರಡೂ ಸರಿ ಇದ್ದರೆ ಮಾತ್ರ ಸಿಗ್ನಲ್ ವೈರ್. ಬಹಳ ಮಂದಿ ಸೀದಾ ಸಿಗ್ನಲ್ ವೈರಿಗೇ ಮೀಟರ್ ಇಟ್ಟು ತಲೆ ಕೆಡಿಸಿಕೊಳ್ಳುತ್ತಾರೆ.

5 ವೋಲ್ಟ್ ಇಲ್ಲವೇ ಇಲ್ಲ ಅಂದರೆ ಕಂಪ್ಯೂಟರ್ ಹೋಯಿತು ಅಂತ ಎದೆ ಒಡೆದುಕೊಳ್ಳಬೇಡಿ. ಈ 5 ವೋಲ್ಟ್ ಒಂದೇ ಮೂಲದಿಂದ ಹಲವು ಸೆನ್ಸರುಗಳಿಗೆ ಹಂಚಿ ಹೋಗುತ್ತದೆ. ಒಂದರ ಹೊಟ್ಟೆಯಲ್ಲಿ ನೀರು ಹೋಗಿ ಶಾರ್ಟ್ ಆದರೆ ಉಳಿದವೂ ಸಾಯುತ್ತವೆ. ಮೀಟರನ್ನು 5 ವೋಲ್ಟಿನ ವೈರಿಗೆ ಇಟ್ಟುಕೊಂಡೇ ಸೆನ್ಸರುಗಳನ್ನು ಒಂದೊಂದಾಗಿ ಕಳಚುತ್ತಾ ಹೋಗಿ. ಯಾವುದನ್ನು ಕಳಚಿದಾಗ 5 ವೋಲ್ಟ್ ಥಟ್ಟನೆ ಹಿಂದೆ ಬಂತೋ ಅದೇ. ಪಿ0641 ಈ 5 ವೋಲ್ಟಿನ ಕೋಡ್. ಅದು ಬಂದರೆ ಖುಷಿಪಡಿ ಅಂದದ್ದು ಇದಕ್ಕೇ. ಐದಾರು ಕೋಡಿನ ಹಿಂದೆ ಇರುವುದು ಒಂದೇ ಶಾರ್ಟ್ ಅಂತ ಗಾಡಿಯೇ ಹೇಳಿದೆ.

ಕ್ರ್ಯಾಂಕ್ ಸೆನ್ಸರಿನಲ್ಲಿ ಎರಡು ಜಾತಿ. ಎರಡು ವೈರಿನದ್ದು ಬರೀ ಕಾಯಿಲ್ ಮತ್ತು ಅಯಸ್ಕಾಂತ. ಅದರ ಓಮ್ ಅಳೆಯಬಹುದು, ಕೆಲವು ನೂರರಿಂದ ಸಾವಿರ ಚಿಲ್ಲರೆವರೆಗೆ ಬರುತ್ತದೆ. ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಸೆಲ್ಫ್ ಹೊಡೆದರೆ ಸಣ್ಣ ವೋಲ್ಟೇಜೂ ಕಾಣುತ್ತದೆ. ಮೂರು ವೈರಿನದ್ದು ಹಾಲ್ ಸೆನ್ಸರ್, ಒಳಗೆ ಎಲೆಕ್ಟ್ರಾನಿಕ್ಸ್ ಇದೆ. ಅದಕ್ಕೆ ಓಮ್ ಅಳೆಯುವುದು ವ್ಯರ್ಥ, ಹಾಳಾಗುವ ಸಾಧ್ಯತೆಯೂ ಉಂಟು. ಯಾವ ಜಾತಿಯಾದರೂ ಬಿಚ್ಚಿ ತುದಿ ನೋಡಿ. ಕಬ್ಬಿಣದ ಹುಡಿ ಗಡ್ಡದ ಹಾಗೆ ಅಂಟಿದ್ದರೆ ಒರೆಸಿ ಹಾಕಿ.

ಟೆಸ್ಟ್ ಲ್ಯಾಂಪ್ ಯಾಕೆ ಅಂತ ಕೇಳುತ್ತೀರಿ. ವೈರಿನ ಎಳೆಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಯಾಕಂದರೆ ಮೀಟರ್ ಕರೆಂಟನ್ನು ಎಳೆಯುವುದೇ ಇಲ್ಲ. ಬಲ್ಬ್ ಎಳೆಯುತ್ತದೆ. ರಿಲೇಯಿಂದ ಪೆಟ್ರೋಲ್ ಪಂಪಿಗೆ ಬರುವ ವೈರ್, ಕಂಪ್ಯೂಟರಿಗೆ 12 ವೋಲ್ಟ್ ತರುವ ವೈರ್, ಇಂಥಲ್ಲಿ ಕಪ್ಲರ್ ಕಳಚಿ ಬಲ್ಬ್ ಹಾಕಿ. ಪೂರ್ತಿ ಬೆಳಗಿದರೆ ಸರಿ, ಮಂಕಾಗಿ ಉರಿದರೆ ವೈರ್ ಒಳಗೇ ಕೊಳೆತಿದೆ. 5 ವೋಲ್ಟಿನ ವೈರಿಗೆ, ಸಿಗ್ನಲ್ ವೈರಿಗೆ ಮಾತ್ರ ಬಲ್ಬ್ ಮುಟ್ಟಿಸಬೇಡಿ. ಸಣ್ಣ ಸರ್ಕಿಟುಗಳು ಅಷ್ಟು ಕರೆಂಟ್ ತಡೆಯುವುದಿಲ್ಲ, ಕಂಪ್ಯೂಟರಿಗೇ ಪೆಟ್ಟು.

ಯು ಕೋಡ್ ಇದ್ದವರಿಗೆ: ಬ್ಯಾಟರಿ ಕಳಚಿ, ಒಬಿಡಿ ಸಾಕೆಟಿನ 6 ಮತ್ತು 14ನೇ ಪಿನ್ನಿನ ನಡುವೆ ಓಮ್ ಅಳೆಯಿರಿ. ಸಾಮಾನ್ಯವಾಗಿ 60ರ ಹತ್ತಿರ ಬರಬೇಕು, ಎರಡು ತುದಿಯಲ್ಲಿ 120 ಓಮಿನ ಎರಡು ತುಂಡು ಇರುವುದರಿಂದ. 120 ಬಂದರೆ ಎಲ್ಲೋ ಒಂದು ಕಡೆ ಲೈನ್ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ವೈರ್ ಒಂದಕ್ಕೊಂದು ತಗುಲಿವೆ.

ಹಂತ 7: ಸರಿ ಮಾಡುವುದು

ಕಿಲುಬಿಗೆ ಕಾಂಟ್ಯಾಕ್ಟ್ ಕ್ಲೀನರ್, ಮೆತ್ತಗಿನ ಬ್ರಷ್. ಮರಳು ಕಾಗದದಲ್ಲಿ ಉಜ್ಜಿದರೆ ಪಿನ್ನಿನ ಮೇಲಿನ ಲೇಪ ಹೋಗಿ ಮುಂದಿನ ಮಳೆಗೆ ಇನ್ನೂ ಬೇಗ ಹಸಿರಾಗುತ್ತದೆ. ಕಿಲುಬು ವೈರಿನೊಳಗೆ ಹೋಗಿ ತಾಮ್ರ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಹೊಸ ತುಂಡು ಸೇರಿಸಿ.

ತಿರುಚಿ ಕಪ್ಪು ಟೇಪ್ ಸುತ್ತುವುದು ನಮ್ಮ ಸೆಕೆಗೆ ಆರು ತಿಂಗಳೂ ಬರುವುದಿಲ್ಲ, ಅಂಟು ಕರಗಿ ಹಲಸಿನ ಮೇಣದ ಹಾಗೆ ಜಾರುತ್ತದೆ. ಸರಿಯಾದ ಅಳತೆಯ ಕ್ರಿಂಪ್ (ವೈರುಗಳನ್ನು ಹಿಚುಕಿ ಸೇರಿಸುವ ಲೋಹದ ತುಂಡು) ಹಾಕಿ ಒತ್ತಿ, ಅದರ ಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಎಳೆದು ಬಿಸಿ ಮಾಡಿ, ತುದಿಯಲ್ಲಿ ಅಂಟು ಸ್ವಲ್ಪ ಹೊರಗೆ ಬರಬೇಕು. ಸೋಲ್ಡರ್ ಒಳ್ಳೆಯದಾ, ಕ್ರಿಂಪಾ ಅಂತ ಗಂಟೆಗಟ್ಟಲೆ ವಾದ ಮಾಡುವವರು ಇದ್ದಾರೆ. ನಾನು ಕ್ರಿಂಪಿನ ಪಕ್ಷ. ಸೋಲ್ಡರ್ ಮಾಡಿದ ಜಾಗದ ಪಕ್ಕದಲ್ಲೇ ವೈರ್ ಬಿರುಸಾಗಿ ಜೀಪಿನ ಕುಲುಕಾಟಕ್ಕೆ ತುಂಡಾಗುವುದನ್ನು ಕಂಡಿದ್ದೇನೆ. ಮೂರು ನಾಲ್ಕು ವೈರ್ ಸೇರಿಸುವುದಿದ್ದರೆ ಗಂಟುಗಳು ಒಂದೇ ಕಡೆ ಬಾರದ ಹಾಗೆ ಹಿಂದೆ ಮುಂದೆ ಮಾಡಿ. ಎರಡು ವೈರ್ ಒಂದಕ್ಕೊಂದು ಹೆಣೆದುಕೊಂಡು ಬಂದಿದ್ದರೆ ಸರಿ ಮಾಡಿದ ಮೇಲೂ ಹಾಗೇ ಹೆಣೆಯಿರಿ, ಅದು ಅಂದಕ್ಕೆ ಮಾಡಿದ್ದಲ್ಲ.

ಕಪ್ಲರಿಗೆ ಬರುವ ವೈರ್ ಮೊದಲು ಸ್ವಲ್ಪ ಕೆಳಗೆ ಬಾಗಿ ಆಮೇಲೆ ಮೇಲೇರಲಿ. ಕಂಬದಿಂದ ಮನೆಗೆ ಬರುವ ಕರೆಂಟಿನ ವೈರನ್ನು ಗೋಡೆಯ ಹತ್ತಿರ ಹೀಗೆ ಬಾಗಿಸಿರುತ್ತಾರೆ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಸಿಲಿಕೋನ್ ಗ್ರೀಸನ್ನು ರಬ್ಬರ್ ಉಂಗುರಕ್ಕೆ ತೆಳ್ಳಗೆ ಹಚ್ಚಿ. ಪಿನ್ನುಗಳ ಮೇಲೆ ಬೆಣ್ಣೆಯ ಹಾಗೆ ತುಂಬಿಸುವುದು ಬೇಡ.

ಮುಟ್ಟಬಾರದವು

ಹಳದಿ ಕಪ್ಲರ್, ಹಳದಿ ಸ್ಲೀವ್ ಕಂಡರೆ ಅದು ಏರ್‌ಬ್ಯಾಗ್. ಮೀಟರ್ ಇಡುವುದೂ ಬೇಡ. ಕಾಮನ್ ರೈಲ್ ಡೀಸೆಲ್ಲಿನಲ್ಲಿ ಎಂಜಿನ್ ಓಡುವಾಗ ಇಂಜೆಕ್ಟರ್ ವೈರ್ ಮುಟ್ಟಬೇಡಿ, ಅಲ್ಲಿ 12 ವೋಲ್ಟಿಗಿಂತ ತುಂಬ ಜಾಸ್ತಿ ಇರುತ್ತದೆ. ಅದರ ಡೀಸೆಲ್ ಪೈಪಿನ ನಟ್ಟನ್ನು ಸಡಿಲಿಸಿ ನೋಡುವ ಹಳೇ ಅಭ್ಯಾಸವೂ ಬೇಡ. ಒಳಗೆ ಸಾವಿರ ಬಾರ್ ದಾಟುವ ಒತ್ತಡ, ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ವಾರಂಟಿ ಇರುವ ಗಾಡಿಯಾದರೆ ಹಂತ 5ರ ತನಕ ನೋಡಿ, ವೈರ್ ಕತ್ತರಿಸದೆ ಫೋಟೋ ಸಮೇತ ಶೋರೂಮಿಗೆ ಒಪ್ಪಿಸಿ.

ಹೊಳೆ ದಾಟುವವರಿಗೆ ಎರಡು ಮಾತು. ಬಿಸಿ ಎಂಜಿನ್ನನ್ನು ಸೀದಾ ಆಳದ ನೀರಿಗೆ ಇಳಿಸಬೇಡಿ, ಹತ್ತು ಹದಿನೈದು ನಿಮಿಷ ದಡದಲ್ಲಿ ನಿಲ್ಲಿಸಿ. ಬಿಸಿ ಕಪ್ಲರ್ ಥಟ್ಟನೆ ತಣ್ಣಗಾದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರಿಕೊಳ್ಳುತ್ತದೆ. ಸಮುದ್ರದ ನೀರು ಸೋಕಿದ ದಿನವೇ ಅಡಿಭಾಗಕ್ಕೆ ಸಿಹಿ ನೀರು ಬಿಟ್ಟು ತೊಳೆಯಿರಿ, ಆದರೆ ಬಾನೆಟ್ಟಿನೊಳಗೆ ಪ್ರೆಶರ್ ವಾಶ್ ಮಾಡಿಸಬೇಡಿ. ಹೊಳೆ ಮಾಡದ ಹಾನಿಯನ್ನು ಆ ಪೈಪು ಮಾಡುತ್ತದೆ.

ಹಂತ 8: ಆಮೇಲೆ

ಈಗ ಕೋಡ್ ಅಳಿಸಿ. ಎರಡು ಮೂರು ದಿನ ಓಡಿಸಿ, ಅದರಲ್ಲಿ ಒಮ್ಮೆ ಜೋರು ಮಳೆಯಲ್ಲಿ, ಒಮ್ಮೆ ಹೊಂಡದ ರಸ್ತೆಯಲ್ಲಿ. ಅದಕ್ಕೆ ದೂರ ಹೋಗಬೇಕಾಗಿಲ್ಲ. ಮತ್ತೆ ಸ್ಕ್ಯಾನರ್ ಹಾಕಿ "ಪೆಂಡಿಂಗ್" ಪುಟ ನೋಡಿ. ಲೈಟ್ ಉರಿಸುವಷ್ಟು ಖಾತ್ರಿಯಾಗದ, ಆದರೆ ಗಾಡಿಗೆ ಅನುಮಾನ ಬಂದ ಕೋಡುಗಳು ಅಲ್ಲಿರುತ್ತವೆ. ಹಳೇ ಕೋಡೇ ಇದ್ದರೆ ಹಂತ 5ಕ್ಕೆ ವಾಪಸ್. ಹಿಂದೆ ಇಲ್ಲದ ಹೊಸ ಕೋಡ್ ಇದ್ದರೆ ಗಾಬರಿಯಾಗಬೇಡಿ, ಮೊನ್ನೆ ಬಿಚ್ಚಿದ ಯಾವುದೋ ಕಪ್ಲರನ್ನು ಟಕ್ ಅನ್ನುವ ತನಕ ಒತ್ತಿಲ್ಲ ನೀವು.